ಮಾನಸಗಂಗೋತ್ರಿಯ ಕಾರ್ಯಕ್ರಮಗಳಿಗೆ ಸಿದ್ಧರಾಗುವುದು ಹೇಗೆ?

ಸ್ನಾತಕೋತ್ತರ ಪದವಿಗೆಂದು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರುವ ವಿದ್ಯಾರ್ಥಿಗೆ ಮಾನಸಗಂಗೋತ್ರಿಯ ಆವರಣದಲ್ಲಿ ಸಿಗುವುದು ನಾಲ್ಕೇ ಸೆಮಿಸ್ಟರ್. ಅಷ್ಟರಲ್ಲಿ ಅಲ್ಲಿ ವಿಶೇಷ ಉಪನ್ಯಾಸಗಳು, ವಿಚಾರ ಸಂಕಿರಣಗಳು, ಕ್ಯಾಂಪಸ್ ಸಂದರ್ಶನಗಳು, ಯುವಜನೋತ್ಸವದ ಸ್ಪರ್ಧೆಗಳು ಒಂದರ ಹಿಂದೊಂದು ನಡೆದುಹೋಗುತ್ತವೆ. ದೂರದ ಹಳ್ಳಿಗಳಿಂದ ಬಂದ ಮಕ್ಕಳಿಗೆ ಇವುಗಳ ಸುದ್ದಿ ಮುಟ್ಟುವುದು ಬಹುಮಟ್ಟಿಗೆ ಹಿಂದಿನ ದಿನ ಸಂಜೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಹಾಕಿದ ಸುತ್ತೋಲೆಯ ಚಿತ್ರದ ಮೂಲಕ. ಸುತ್ತೋಲೆ ಬಂದ ಮೇಲೆ ಸಿದ್ಧತೆಗೆ ಕೂತರೆ ಕಾಲ ಸಾಲುವುದಿಲ್ಲ. ಆದ್ದರಿಂದ ಸುತ್ತೋಲೆಗಿಂತ ಮೊದಲೇ ಮಾಡಿಟ್ಟುಕೊಳ್ಳಬಹುದಾದ ಕೆಲಸಗಳನ್ನು, ಮಾಡಬೇಕಾದ ಕ್ರಮದಲ್ಲಿಯೇ ಇಲ್ಲಿ ವಿವರಿಸಿದ್ದೇನೆ.

ಮೊದಲು ಕ್ಯಾಲೆಂಡರ್

ಹಾಸ್ಟೆಲಿನ ಗೋಡೆಗೆ, ದಿನಕ್ಕೊಂದು ದೊಡ್ಡ ಚೌಕವಿರುವ ಒಂದು ಕ್ಯಾಲೆಂಡರ್ ತೂಗುಹಾಕಿ. ಸೆಮಿಸ್ಟರ್ ಪರೀಕ್ಷೆಯ ಅವಧಿಯನ್ನು ಕೆಂಪು ಶಾಯಿಯಲ್ಲಿ ಗುರುತಿಸಿ, ಬಳಿಕ ಯಾವ ಸುತ್ತೋಲೆಗೂ ಕಾಯದೆ ಬರೆಯಬಹುದಾದ ದಿನಗಳನ್ನು ತುಂಬಿ. ಜುಲೈ 27 ವಿಶ್ವವಿದ್ಯಾನಿಲಯ ಹುಟ್ಟಿದ ದಿನ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಅದು ಸ್ಥಾಪನೆಯಾಯಿತು. ಸೆಪ್ಟೆಂಬರ್ 5ರ ಶಿಕ್ಷಕರ ದಿನಕ್ಕೆ ಇಲ್ಲಿ ಒಂದು ಹೆಚ್ಚಿನ ನಂಟಿದೆ, ಏಕೆಂದರೆ ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಇದೇ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಬೋಧಿಸಿದರು. ನವೆಂಬರ್ 1ರ ರಾಜ್ಯೋತ್ಸವ, ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹ, ಡಿಸೆಂಬರ್ 29ರ ಕುವೆಂಪು ಜನ್ಮದಿನ, ಫೆಬ್ರುವರಿ 28ರ ವಿಜ್ಞಾನ ದಿನ, ಮಾರ್ಚ್ 27ರ ರಂಗಭೂಮಿ ದಿನ ಇವೆಲ್ಲ ಬದಲಾಗದ ತಾರೀಖುಗಳು. ಈ ದಿನಗಳ ಆಸುಪಾಸಿನಲ್ಲಿ ಯಾವುದಾದರೂ ವಿಭಾಗದಲ್ಲಿ ಉಪನ್ಯಾಸವೋ ಸ್ಪರ್ಧೆಯೋ ಇರುವ ಸಂಭವ ಹೆಚ್ಚು. ಆವರಣಕ್ಕೆ ಮಾನಸಗಂಗೋತ್ರಿ ಎಂಬ ಹೆಸರಿಟ್ಟವರೇ, 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಎಂಬುದನ್ನು ನೆನೆದರೆ, ಡಿಸೆಂಬರ್ 29ರ ಚೌಕವನ್ನು ಯಾವ ವಿಭಾಗದ ವಿದ್ಯಾರ್ಥಿಯೂ ಖಾಲಿ ಬಿಡಲಾರ.

ಚಂದ್ರಮಾನದ ಲೆಕ್ಕಕ್ಕೆ ಸರಿಯಾಗಿ ಹಿಂದೆ ಮುಂದೆ ಆಗುವ ದಸರೆಯನ್ನು ಪಂಚಾಂಗ ನೋಡಿ ಬರೆದುಕೊಳ್ಳಬೇಕು. ದಸರೆಯ ಅಂಗವಾಗಿ ಬಯಲು ರಂಗಮಂದಿರದಲ್ಲಿ ನಡೆಯುವ, ಕಾಲೇಜು ವಿದ್ಯಾರ್ಥಿಗಳ ಯುವ ಸಂಭ್ರಮ ಸಾಮಾನ್ಯವಾಗಿ ನವರಾತ್ರಿಗಿಂತ ಮೊದಲೇ ಮುಗಿದುಹೋಗುತ್ತದೆ. ಉಳಿದ ಚೌಕಗಳನ್ನು ವಾರಕ್ಕೆರಡು ಸಲ ತುಂಬುತ್ತಾ ಹೋಗಿ. ನಿಮ್ಮ ವಿಭಾಗದ ಸೂಚನಾ ಫಲಕ, ಗ್ರಂಥಾಲಯದ ಬಾಗಿಲು, ವಿಶ್ವವಿದ್ಯಾನಿಲಯದ ಜಾಲತಾಣ ಈ ಮೂರನ್ನೂ ನೋಡಬೇಕು. ಪಕ್ಕದ ವಿಭಾಗದ ಫಲಕವನ್ನೂ ನೋಡಿ ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇತಿಹಾಸ ವಿಭಾಗದ ಉಪನ್ಯಾಸ ಕನ್ನಡದ ವಿದ್ಯಾರ್ಥಿಗೆ ಬೇಕಾದದ್ದಾಗಿದ್ದರೂ ಆ ಸುದ್ದಿ ತಾನಾಗಿ ಕನ್ನಡ ವಿಭಾಗಕ್ಕೆ ನಡೆದುಬರುವುದಿಲ್ಲ.

ದಾಖಲೆಗಳ ಕಡತ

ಎರಡನೆಯ ಕೆಲಸ ಒಂದು ಭಾನುವಾರದ್ದು. ಎಸ್‌ಎಸ್‌ಎಲ್‌ಸಿಯಿಂದ ಇತ್ತೀಚಿನ ಸೆಮಿಸ್ಟರ್‌ವರೆಗಿನ ಅಂಕಪಟ್ಟಿಗಳು, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆರು ಭಾವಚಿತ್ರಗಳನ್ನು ಒಂದೇ ಕಡತದಲ್ಲಿ ಜೋಡಿಸಿ. ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿಸಿ, ಕಡತದ ಹೆಸರಿನಲ್ಲೇ ಅದು ಯಾವ ದಾಖಲೆಯೆಂದು ತಿಳಿಯುವಂತೆ ಫೋನಿನಲ್ಲೂ ಇಮೇಲಿನಲ್ಲೂ ಇಟ್ಟುಕೊಳ್ಳಿ. ಕೊಳ್ಳೇಗಾಲದ ಕಡೆಯ ನನ್ನ ವಿದ್ಯಾರ್ಥಿಯೊಬ್ಬನಿಗೆ ಸೋಮವಾರದ ಸಂದರ್ಶನದ ವಿಷಯ ತಿಳಿದದ್ದು ಶನಿವಾರ ಸಂಜೆ. ಮೂಲ ಅಂಕಪಟ್ಟಿ ಊರಿನಲ್ಲಿ ಅಮ್ಮನ ಟ್ರಂಕಿನೊಳಗಿತ್ತು. ಅದನ್ನು ತಂದು ಹಿಂದಿರುಗುವ ಹೊತ್ತಿಗೆ ಸಂದರ್ಶನ ಮುಗಿದಿತ್ತು. ಓದಿನಲ್ಲಿ ಅವನಿಗೆ ಯಾವ ಕೊರತೆಯೂ ಇರಲಿಲ್ಲ.

ಉದ್ಯೋಗ ಮೇಳ, ಕ್ಯಾಂಪಸ್ ಸಂದರ್ಶನ, ನೆಟ್

ಭಾಷೆ, ಜಾನಪದ, ಇತಿಹಾಸ ಓದುವವರು ಉದ್ಯೋಗ ಮೇಳವೆಂದರೆ ಕಂಪ್ಯೂಟರ್ ಕಲಿತವರಿಗಷ್ಟೇ ಎಂದುಕೊಂಡು ದೂರ ಉಳಿಯುವುದನ್ನು ನೋಡಿ ಬೇಸರವಾಗುತ್ತದೆ. ಕರಡು ತಿದ್ದುವುದು, ಅನುವಾದ, ಉಪಶೀರ್ಷಿಕೆ, ಪಠ್ಯ ಸಿದ್ಧತೆ ಇವೆಲ್ಲಕ್ಕೂ ತಪ್ಪಿಲ್ಲದ ಕನ್ನಡ ಬರೆಯುವವರು ಬೇಕು. ಮೇಳಕ್ಕೆ ಬರುವ ಸಂಸ್ಥೆಗಳ ಪಟ್ಟಿ ಮೊದಲೇ ಸಿಕ್ಕಿದರೆ ಅದರಲ್ಲಿ ನಿಮಗೆ ಹೊಂದುವ ನಾಲ್ಕೈದನ್ನು ಮಾತ್ರ ಆರಿಸಿಕೊಂಡು, ಅವು ಏನು ಮಾಡುತ್ತವೆ ಎಂದು ಓದಿಕೊಂಡು ಹೋಗಿ. ಪರಿಚಯ ಪತ್ರ ಒಂದೇ ಪುಟದ್ದಾಗಿರಲಿ. ‘ಕಠಿಣ ಪರಿಶ್ರಮಿ’ ಎಂಬಂಥ ಮಾತಿಗಿಂತ ‘ಐದು ಗ್ರಾಮಗಳಲ್ಲಿ ಕ್ಷೇತ್ರಕಾರ್ಯ ಮಾಡಿ ನಲವತ್ತು ಸೋಬಾನೆ ಪದಗಳನ್ನು ಧ್ವನಿಮುದ್ರಿಸಿ ಲಿಪ್ಯಂತರ ಮಾಡಿದ್ದೇನೆ’ ಎಂಬ ಒಂದು ಸಾಲು, ಅದು ನಿಜವಾಗಿದ್ದರೆ, ಹೆಚ್ಚು ತೂಗುತ್ತದೆ. ವೇತನ, ಕೆಲಸದ ಸ್ಥಳ, ಬಾಂಡ್ (ಇಂತಿಷ್ಟು ಕಾಲ ಕೆಲಸ ಬಿಡುವುದಿಲ್ಲವೆಂಬ ಕರಾರು) ಈ ಮೂರನ್ನು ಸಂಕೋಚವಿಲ್ಲದೆ ಕೇಳಿ. ಕೆಲಸ ಕೊಡಲು ಠೇವಣಿ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಬೋಧನೆಯತ್ತ ಮನಸ್ಸಿರುವವರು, ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್ ಅನ್ನೂ ಅದೇ ಕ್ಯಾಲೆಂಡರಿನಲ್ಲಿ ಸೇರಿಸಿಕೊಳ್ಳಬೇಕು. ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರ್ ಸರದಿಗಳಲ್ಲಿ ನಡೆಯುವ ಈ ಪರೀಕ್ಷೆಗೆ ಸ್ನಾತಕೋತ್ತರ ಪದವಿಯ ಅಂತಿಮ ವರ್ಷದಲ್ಲಿರುವವರೂ ಅರ್ಜಿ ಹಾಕಬಹುದು. ಮೊದಲ ಪತ್ರಿಕೆಯಲ್ಲಿ 50, ಎರಡನೆಯದರಲ್ಲಿ 100 ಪ್ರಶ್ನೆಗಳು. ಒಟ್ಟು ಅಂಕ 300, ಸಮಯ ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಬಿಡಬಾರದು. ಪರೀಕ್ಷಾ ಕಾರ್ಯಾಗಾರವಿದ್ದರೆ ಮೊದಲ ಪತ್ರಿಕೆಯ ತರಗತಿಗಳಿಗೆ ತಪ್ಪದೆ ಹೋಗಿ. ಭಾಷಾ ವಿದ್ಯಾರ್ಥಿಗಳಲ್ಲಿ ಅನೇಕರು ಎಡವುವುದು ಅಲ್ಲಿನ ಅಂಕಿ ಅಂಶ, ತರ್ಕದ ಪ್ರಶ್ನೆಗಳಲ್ಲಿ.

ವಿಚಾರ ಸಂಕಿರಣದಲ್ಲಿ ಒಂದು ಪ್ರಶ್ನೆ

ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ, ಏಕೆಂದರೆ ಎರಡು ವರ್ಷದಲ್ಲಿ ಒಮ್ಮೆಯೂ ಕೈಯೆತ್ತದೆ ಹೊರಟುಹೋಗುವ ಜಾಣ ಮಕ್ಕಳನ್ನು ನಾನು ಬಹಳ ಕಂಡಿದ್ದೇನೆ. ಆಹ್ವಾನ ಪತ್ರಿಕೆ ಕೈಗೆ ಬಂದ ದಿನವೇ ಅದರಲ್ಲಿನ ಒಂದು ಗೋಷ್ಠಿಯನ್ನು ಆರಿಸಿಕೊಳ್ಳಿ. ಆ ಉಪನ್ಯಾಸಕರ ಒಂದು ಲೇಖನವನ್ನು ಗ್ರಂಥಾಲಯದಲ್ಲಿ ಹುಡುಕಿ ಓದಿ, ಮೂರು ಪ್ರಶ್ನೆಗಳನ್ನು ಬರೆದುಕೊಳ್ಳಿ. ಉಪನ್ಯಾಸ ಕೇಳುತ್ತಿರುವಾಗ ಅವುಗಳಲ್ಲಿ ಎರಡಕ್ಕೆ ಉತ್ತರ ಸಿಕ್ಕಿಹೋಗುತ್ತದೆ, ಉಳಿದ ಒಂದನ್ನು ಕೇಳಿ. ಉದಾಹರಣೆಗೆ ಮಲೆ ಮಹದೇಶ್ವರ ಕಾವ್ಯದ ಗೋಷ್ಠಿಯಿದ್ದರೆ, ‘ಜಾನಪದದ ಇಂದಿನ ಪ್ರಸ್ತುತತೆಯೇನು?’ ಎಂದು ಕೇಳಿದರೆ ಉತ್ತರವೂ ಅಷ್ಟೇ ಸಡಿಲವಾಗಿರುತ್ತದೆ. ‘ಈ ಪಾಠವನ್ನು ಯಾವ ಕಂಸಾಳೆ ಗಾಯಕರಿಂದ ದಾಖಲಿಸಿಕೊಂಡಿರಿ? ಜಾತ್ರೆಯಲ್ಲಿ ಅವರು ಹಾಡಿದ್ದಕ್ಕೂ ಧ್ವನಿಮುದ್ರಣಕ್ಕೆಂದು ಹಾಡಿದ್ದಕ್ಕೂ ವ್ಯತ್ಯಾಸ ಕಂಡಿತೇ?’ ಎಂದು ಕೇಳಿ ನೋಡಿ. ವಿದ್ವಾಂಸರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನಿಮ್ಮ ಕಡೆಗೇ ತಿರುಗಿ ಮಾತಾಡತೊಡಗುತ್ತಾರೆ. ಹೆಸರು, ವಿಭಾಗ ಹೇಳಿ, ಅರ್ಧ ನಿಮಿಷದೊಳಗೆ ಪ್ರಶ್ನೆ ಮುಗಿಸಿ ಕುಳಿತುಕೊಳ್ಳುವುದನ್ನು ಕೊಠಡಿಯಲ್ಲಿ ಗೆಳೆಯರ ಮುಂದೆ ಅಭ್ಯಾಸ ಮಾಡಿದರೆ ನಾಚಿಕೆಪಡಬೇಕಾದ್ದೇನೂ ಇಲ್ಲ.

ಪ್ರಬಂಧ ಮಂಡಿಸುವವರು ಸಾರಲೇಖವನ್ನು ನಾಲ್ಕು ಪ್ರಶ್ನೆಗಳಿಗೆ ಉತ್ತರವಾಗುವಂತೆ ಬರೆಯಬೇಕು: ವಿಷಯ ಯಾವುದು, ಆಕರ ಯಾವುದು, ಹೇಗೆ ನೋಡಿದಿರಿ, ಏನು ಕಂಡಿತು. ಸಮಯ ಹತ್ತು ನಿಮಿಷವೆಂದರೆ ಎಂಟು ನಿಮಿಷದ ಬರಹ ಸಾಕು. ಜೊತೆಗೆ, ಆಕರಗಳನ್ನು ಕಣ್ಣಾರೆ ನೋಡುವ ಅವಕಾಶ ಮೈಸೂರಿನಲ್ಲಿದ್ದಷ್ಟು ಬೇರೆ ಕಡೆ ಸುಲಭವಲ್ಲ. ಆವರಣದೊಳಗಿನ ಜಯಲಕ್ಷ್ಮಿ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯವಿದೆ. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದ ಸಂಸ್ಥೆ ಇಂದು ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೆಸರಿನಲ್ಲಿ ಇದೇ ವಿಶ್ವವಿದ್ಯಾನಿಲಯದ ಅಂಗವಾಗಿದೆ. ಇಂಥ ಕಡೆ ಹಸ್ತಪ್ರತಿ ಕಾರ್ಯಾಗಾರವೆಂಬ ಸೂಚನೆ ಕಂಡರೆ ಉಳಿದ ಕೆಲಸವನ್ನು ಬದಿಗಿಟ್ಟು ಹೆಸರು ನೋಂದಾಯಿಸಿ.

ಯುವಜನೋತ್ಸವ

ಅಂತರಕಾಲೇಜು ಮಟ್ಟದಲ್ಲಿ ಗೆದ್ದವರು ವಿಶ್ವವಿದ್ಯಾನಿಲಯದ ತಂಡಕ್ಕೆ, ಅಲ್ಲಿಂದ ದಕ್ಷಿಣ ವಲಯಕ್ಕೆ, ಕೊನೆಗೆ ರಾಷ್ಟ್ರಮಟ್ಟದ ಅಂತರ ವಿಶ್ವವಿದ್ಯಾನಿಲಯ ಉತ್ಸವಕ್ಕೆ ಹೋಗುವುದು ಇದರ ಕ್ರಮ. ಸಂಗೀತ, ನೃತ್ಯ, ರಂಗಭೂಮಿ, ಸಾಹಿತ್ಯ, ಲಲಿತಕಲೆ ಎಂಬ ಐದು ವಿಭಾಗಗಳಿವೆ. ವಯೋಮಿತಿಯನ್ನೂ ಸಮಯದ ನಿಯಮವನ್ನೂ ಆ ವರ್ಷದ ಸುತ್ತೋಲೆಯಲ್ಲಿಯೇ ಓದಿಕೊಳ್ಳಬೇಕು. ಒಳ್ಳೆಯ ಏಕಾಂಕವೂ ಸಮಯ ಮೀರಿದ್ದಕ್ಕಾಗಿ ಅಂಕ ಕಳೆದುಕೊಳ್ಳುವುದುಂಟು. ಆದ್ದರಿಂದ ಮೂವತ್ತು ನಿಮಿಷದ ಅವಕಾಶಕ್ಕೆ ಇಪ್ಪತ್ತಾರು ನಿಮಿಷದ ನಾಟಕ ಕಟ್ಟಿ, ಗಡಿಯಾರ ಹಿಡಿದ ಒಬ್ಬರನ್ನು ಮೊದಲ ತಾಲೀಮಿನಿಂದಲೇ ಕೂರಿಸಿಕೊಳ್ಳಿ. ಕೃತಿಯ ಆಯ್ಕೆ, ವಾಚನ ರಜೆಯಲ್ಲೇ ಆಗಿರಲಿ. ವೇದಿಕೆ ಏರದವರು ಸ್ವಯಂಸೇವಕರಾಗಿ ನಿಂತರೂ ಬೆಳಕು, ಧ್ವನಿ, ಅತಿಥಿಗಳ ವ್ಯವಸ್ಥೆ, ಲೆಕ್ಕಪತ್ರ ಇವುಗಳ ಕೆಲಸ ಕಲಿಯುತ್ತಾರೆ. ಪರಿಚಯ ಪತ್ರದಲ್ಲಿ ಅದಕ್ಕೂ ಒಂದು ಸಾಲಿದೆ.

ಸಭಾಂಗಣ ಬಿಡುವ ಮುನ್ನ

ಅಂದಿನ ಕಾರ್ಯಕ್ರಮದ ಹೆಸರು, ತಾರೀಖು, ಕೇಳಿದ ಒಂದು ಹೊಸ ವಿಷಯ, ಪರಿಚಯವಾದವರು ಯಾರು ಎಂಬುದನ್ನು ರಾತ್ರಿ ಮಲಗುವ ಮೊದಲು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪ್ರಮಾಣಪತ್ರ ಕೈಗೆ ಬಂದಾಗ ಮಾತ್ರ ರಾತ್ರಿಯವರೆಗೆ ಕಾಯಬೇಡಿ. ಅದರಲ್ಲಿನ ನಿಮ್ಮ ಹೆಸರು, ಇನಿಷಿಯಲ್ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವಂತೆಯೇ ಇದೆಯೇ ಎಂದು ಅಲ್ಲೇ ನೋಡಿ. ಮೊಹರು ಮತ್ತು ಸಹಿ ಹಾಕುವವರು ಇನ್ನೂ ಮೇಜಿನ ಬಳಿ ಇರುವಾಗಲೇ ತಿದ್ದಿಸಿಕೊಳ್ಳಿ.