ಫೋಟೋದಲ್ಲಿ ಜಲಪಾತದ ನೀರು ರೇಷ್ಮೆಯಂತೆ ಕಾಣಬೇಕಾದರೆ ಕ್ಯಾಮೆರಾದ ಶಟರ್ ಎಷ್ಟು ಹೊತ್ತು ತೆರೆದಿರಬೇಕು?

ಹೆಚ್ಚಿನವರು ಎಡವುವುದು ಇಲ್ಲೇ. ಶಟರ್ ಹೆಚ್ಚು ಹೊತ್ತು ತೆರೆದಷ್ಟೂ ಚಿತ್ರ ಚೆಂದ ಎಂದುಕೊಂಡು 10, 20 ಸೆಕೆಂಡ್ ಇಡುತ್ತಾರೆ. ಆಗ ನೀರಿನ ಎಳೆಗಳೆಲ್ಲ ಅಳಿಸಿಹೋಗಿ ಬರೀ ಬಿಳಿ ಪಟ್ಟೆ ಉಳಿಯುತ್ತದೆ. ನೀರು ನಯವಾಗಿರಬೇಕು, ಆದರೆ ಅದು ಬೀಳುವ ದಾರಿ ಕಾಣುತ್ತಿರಬೇಕು. ಭೋರ್ಗರೆಯುವ ದೊಡ್ಡ ಜಲಪಾತಕ್ಕೆ 1/4ರಿಂದ 1/2 ಸೆಕೆಂಡ್ ಸಾಕು. ಬಂಡೆಯ ಮೇಲೆ ತೆಳುವಾಗಿ ಇಳಿಯುವ ಝರಿಗೆ 1ರಿಂದ 2 ಸೆಕೆಂಡ್ ಕೊಡಿ. ಹತ್ತಿರದಿಂದಲೋ, ದೂರದ್ದನ್ನು ಹತ್ತಿರ ತೋರುವ ಟೆಲಿ ಲೆನ್ಸ್‌ನಲ್ಲೋ ತೆಗೆಯುವಾಗ ನೀರು ಚೌಕಟ್ಟನ್ನು ಬೇಗ ದಾಟುವುದರಿಂದ ಇನ್ನೂ ಕಡಿಮೆ ಹೊತ್ತು ಸಾಕಾಗುತ್ತದೆ.

ಮೋಡ ಕವಿದ ದಿನವೋ, ಬಿಸಿಲು ನೀರಿಗೆ ತಾಗುವ ಮುಂಚಿನ ಬೆಳಗೋ ಒಳ್ಳೆಯದು. ಬಿಸಿಲು ಬಿದ್ದರೆ ನೊರೆ ಬೆಳ್ಳಗೆ ಸುಟ್ಟುಹೋಗುತ್ತದೆ, ಬಂಡೆ ಕಪ್ಪಾಗುತ್ತದೆ. ಯಾವ ಫಿಲ್ಟರೂ ಆ ವ್ಯತ್ಯಾಸವನ್ನು ಸರಿಮಾಡದು.

ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸ್‌ನ ಕಿಂಡಿ, ಸಂಖ್ಯೆ ದೊಡ್ಡದಾದಷ್ಟೂ ಕಿರಿದು) ಎಫ್/8 ಅಥವಾ ಎಫ್/11, ಫೈಲ್ ರಾ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್). ಬೆಳಕು ತಗ್ಗಿಸಲೆಂದು ಎಫ್/22ಕ್ಕೆ ಹೋಗಬೇಡಿ, ಕಿರಿದಾದ ಕಿಂಡಿಯಲ್ಲಿ ಬೆಳಕು ಬಾಗಿ ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರದ ಹರಿತ ಕುಗ್ಗುತ್ತದೆ. ಅದಕ್ಕೆ ಎನ್‌ಡಿ ಫಿಲ್ಟರ್ (ಲೆನ್ಸ್ ಮುಂದೆ ಹಾಕುವ ಕಪ್ಪು ಗಾಜು) ಇದೆ. ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು, ಹಾಗಾಗಿ ಒಂದೊಂದು ಸ್ಟಾಪ್‌ಗೂ ಸಮಯ ಇಮ್ಮಡಿಯಾಗುತ್ತದೆ: ಫಿಲ್ಟರ್ ಇಲ್ಲದೆ 1/30 ಬಂದರೆ, 3 ಸ್ಟಾಪ್ ಹಾಕಿದಾಗ ಸುಮಾರು 1/4 ಸೆಕೆಂಡ್, 6 ಸ್ಟಾಪ್ ಹಾಕಿದಾಗ ಸುಮಾರು 2 ಸೆಕೆಂಡ್. 10 ಸ್ಟಾಪ್‌ನಲ್ಲಿ ಅದೇ 30 ಸೆಕೆಂಡ್ ದಾಟುತ್ತದೆ. ಕಾಡಿನ ನೆರಳಿನ ಜಲಪಾತಕ್ಕೆ ಅದು ಬೇಡ.

ಒಂದೇ ಫಿಲ್ಟರ್ ಕೊಳ್ಳುವುದಾದರೆ ಪೋಲರೈಸರ್ ಕೊಳ್ಳಿ. ಅದು 1ರಿಂದ 2 ಸ್ಟಾಪ್ ಬೆಳಕು ತಿನ್ನುತ್ತದೆ, ಜೊತೆಗೆ ಒದ್ದೆ ಬಂಡೆ, ಎಲೆಗಳ ಮೇಲಿನ ಹೊಳಪು ತೆಗೆದು ಅಡಗಿದ್ದ ಹಸಿರನ್ನು ಹೊರತರುತ್ತದೆ. ಈ ಕೆಲಸವನ್ನು ಎಡಿಟಿಂಗ್‌ನಲ್ಲಿ ಮಾಡಲಾಗದು. ಒದ್ದೆ ಕಲ್ಲನ್ನೇ ನೋಡುತ್ತ, ಹೊಳಪು ಮಾಯವಾಗುವ ತನಕ ತಿರುಗಿಸಿ.

ಟ್ರೈಪಾಡ್‌ನ ನಡುಕಂಬ ಎತ್ತಬೇಡಿ. ಹರಿವ ನೀರಿನಲ್ಲಿ ಕಾಲುಗಳು ನಡುಗುತ್ತವೆ, ಆದಷ್ಟು ಬಂಡೆಯ ಮೇಲೆಯೇ ಊರಿ. ಲೆನ್ಸ್‌ನ ಸ್ಟೆಬಿಲೈಸೇಶನ್ (ಕೈನಡುಕ ಸರಿದೂಗಿಸುವ ವ್ಯವಸ್ಥೆ) ಆಫ್ ಮಾಡಿ. ನೀರಿನ ಮೇಲಲ್ಲ, ಪಕ್ಕದ ಬಂಡೆಯ ಅಂಚಿಗೆ ಫೋಕಸ್ ಮಾಡಿ, ಮ್ಯಾನ್ಯುವಲ್‌ಗೆ ಬದಲಿಸಿ, ಆಮೇಲೆ ಎನ್‌ಡಿ ಹಾಕಿ. ದಟ್ಟ ಫಿಲ್ಟರ್‌ನ ಹಿಂದೆ ಆಟೋಫೋಕಸ್ ತಡಕಾಡುತ್ತದೆ. ಬಟನ್ ಒತ್ತಿದ ಅಲುಗಾಟ ತಣಿಯಲು 2 ಸೆಕೆಂಡ್ ಟೈಮರ್ ಇಡಿ. ತೆಗೆದ ಮೇಲೆ ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ತೋರುವ ಬೆಳಕಿನ ಗ್ರಾಫ್) ನೋಡಿ: ಬಲ ಅಂಚಿಗೆ ಒತ್ತಿಕೊಂಡಿದ್ದರೆ ನೊರೆಯ ವಿವರ ಹೋಗಿದೆ, ಎಕ್ಸ್‌ಪೋಶರ್ 2/3 ಸ್ಟಾಪ್ ಇಳಿಸಿ.

ತುಂತುರು ಲೆನ್ಸ್‌ಗೆ ಕೂತರೆ ಚಿತ್ರದಲ್ಲಿ ಮಸುಕು ಚುಕ್ಕೆಗಳಾಗುತ್ತವೆ. ಪ್ರತಿ ಫ್ರೇಮ್‌ಗೂ ಮುಂಚೆ ಒರೆಸಿ, ಟೈಮರ್ ಓಡುವಾಗ ಕೈಯನ್ನೋ ಟೋಪಿಯನ್ನೋ ಅಡ್ಡ ಹಿಡಿದು ಶಟರ್ ತೆರೆಯುವ ಮುನ್ನ ಸರಿಸಿ. ಮೈಕ್ರೋಫೈಬರ್ ಬಟ್ಟೆ ಎರಡಾದರೂ ಇರಲಿ, ಒಂದು ಬೇಗ ತೊಯ್ದುಹೋಗುತ್ತದೆ.

ಬೀಳುವ ನೀರು ಎಬ್ಬಿಸುವ ಗಾಳಿಗೆ ಹತ್ತಿರದ ಎಲೆಗಳು ಸುಮ್ಮನಿರುವುದಿಲ್ಲ. ಟ್ರೈಪಾಡ್ ಅಲ್ಲಾಡಿಸದೆ ಎಲೆಗಳಿಗೆಂದೇ ಐಎಸ್‌ಒ ಏರಿಸಿ, ವೇಗದ ಶಟರ್‌ನಲ್ಲಿ ಇನ್ನೊಂದು ಫ್ರೇಮ್ ತೆಗೆಯಿರಿ. 1/2 ಸೆಕೆಂಡ್, ಐಎಸ್‌ಒ 100 ಇದ್ದದ್ದು ಐಎಸ್‌ಒ 1600ರಲ್ಲಿ 1/30 ಆಗುತ್ತದೆ. ಎನ್‌ಡಿ ಕಳಚಿದರೆ ಇನ್ನೂ ವೇಗ. ಎಡಿಟಿಂಗ್‌ನಲ್ಲಿ ಎರಡನ್ನೂ ಒಂದರ ಮೇಲೊಂದು ಲೇಯರ್ ಮಾಡಿ, ಮಾಸ್ಕ್ (ಬೇಡದ ಭಾಗ ಮರೆಮಾಡುವ ಸಾಧನ) ಬಳಸಿ ಎಲೆಗಳಷ್ಟನ್ನೇ ಈ ಎರಡನೇ ಫ್ರೇಮ್‌ನಿಂದ ತೆಗೆದುಕೊಳ್ಳಿ.