ಹದಿನೈದನೇ ಸ್ಥಾನದ ಯುನೈಟೆಡ್‌ನಿಂದ ಯಾರನ್ನು ಆರಿಸಬೇಕು?

2024–25ರ ಋತುವಿನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಟೂರ್ನಿ ಪ್ರೀಮಿಯರ್ ಲೀಗ್‌ನ ಪಟ್ಟಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸಿಗಬೇಕಾದರೆ ಕೆಳಗಿನಿಂದ ಎಣಿಸುವುದೇ ಬೇಗ. 38 ಪಂದ್ಯ, 11 ಗೆಲುವು, 9 ಡ್ರಾ, 18 ಸೋಲು. ಅಂಕ 42, ಸ್ಥಾನ 15. ಹೊಡೆದ ಗೋಲು 44, ಬಿಟ್ಟುಕೊಟ್ಟದ್ದು 54. ಸ್ವಂತ ಅಂಗಳ ಓಲ್ಡ್ ಟ್ರಾಫರ್ಡ್‌ನಲ್ಲೇ 9 ಸೋಲು. ನವೆಂಬರ್‌ನಲ್ಲಿ ಬಂದ ಕೋಚ್ ರೂಬೆನ್ ಅಮೊರಿಮ್ ಲೀಗ್‌ನಲ್ಲಿ ನಡೆಸಿದ 27 ಪಂದ್ಯಗಳಲ್ಲಿ ಗೆದ್ದದ್ದು ಏಳೇ. ಯುರೋಪಾ ಲೀಗ್ ಫೈನಲ್‌ನಲ್ಲಿ ಟಾಟನ್‌ಹ್ಯಾಮ್ ಎದುರು 0–1ರಿಂದ ಸೋತದ್ದರಿಂದ 2025–26ರಲ್ಲಿ ಯುರೋಪಿನ ಟೂರ್ನಿಯೂ ಇರಲಿಲ್ಲ. ಈ ಬರಹದಲ್ಲಿ 'ಈ ಸಲ' ಎಂದರೆ 2025–26, 'ಕಳೆದ ಸಲ' ಎಂದರೆ 2024–25; ಬೆಲೆ, ತಂಡ, ನಿಯಮಗಳೆಲ್ಲ 2025ರ ಆಗಸ್ಟ್‌ನವು.

ನಿಜವಾದ ಆಟಗಾರರನ್ನು ಆರಿಸಿ, ಮೈದಾನದಲ್ಲಿ ಅವರು ಆಡಿದಂತೆ ಅಂಕ ಗಳಿಸುವ ಆನ್‌ಲೈನ್ ಆಟ ಫ್ಯಾಂಟಸಿ ಪ್ರೀಮಿಯರ್ ಲೀಗ್ (ಎಫ್‌ಪಿಎಲ್). ಇಂಥ ತಂಡದ ಆಟಗಾರರನ್ನು ಅಲ್ಲಿನ ನಿಮ್ಮ ತಂಡಕ್ಕೆ ಸೇರಿಸಿಕೊಳ್ಳಬೇಕೇ? ಸೇರಿಸಿಕೊಳ್ಳಬಹುದು. ಆದರೆ ಎಷ್ಟು ಮಂದಿ, ಯಾವ ಜಾಗದವರು, ಯಾವ ವಾರದಿಂದ ಯಾವ ವಾರದವರೆಗೆ ಎನ್ನುವುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. 2025–26ರ ಋತುವಿನ ಮೊದಲ ಗಡುವು 2025ರ ಆಗಸ್ಟ್ 15, ಶುಕ್ರವಾರ, ನಮ್ಮ ಸಮಯ ರಾತ್ರಿ 11 ಗಂಟೆ ಆಗಿತ್ತು.

ಆಟಕ್ಕೆ ಹೊಸಬರಾದವರಿಗೆ ಎರಡು ಮಾತು. ಕೈಯಲ್ಲಿ ಆಟದೊಳಗಿನ (ನಿಜವಲ್ಲದ) ಹಣದ 100 ಮಿಲಿಯನ್ ಬಜೆಟ್. ಅದರಲ್ಲಿ 15 ಮಂದಿ: ಗೋಲ್‌ಕೀಪರ್ 2, ಡಿಫೆಂಡರ್ 5, ಮಿಡ್‌ಫೀಲ್ಡರ್ 5, ಫಾರ್ವರ್ಡ್ 3. ಒಂದೇ ಕ್ಲಬ್‌ನಿಂದ ಮೂವರಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಆಟ ಉಚಿತ.

ಮೊದಲು ಅಂಕದ ಕೋಷ್ಟಕ ಓದಿ

ಯುನೈಟೆಡ್ 1–2ರಿಂದ ಸೋತ ಒಂದು ಪಂದ್ಯ ಎಂದಿಟ್ಟುಕೊಳ್ಳಿ. ಆ ಒಂದು ಗೋಲು ಹೊಡೆದ ಮಿಡ್‌ಫೀಲ್ಡರ್‌ಗೆ 60 ನಿಮಿಷ ದಾಟಿ ಆಡಿದ್ದಕ್ಕೆ 2, ಗೋಲಿಗೆ 5, ಒಟ್ಟು 7 ಅಂಕ. ಆ ಪಂದ್ಯದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದವರಿಗೆ ಕೊಡುವ ಬೋನಸ್ ಸಿಕ್ಕರೆ ಇನ್ನೂ ಒಂದರಿಂದ ಮೂರು. ಅದೇ ಪಂದ್ಯದಲ್ಲಿ 90 ನಿಮಿಷ ಬೆವರು ಹರಿಸಿದ ಡಿಫೆಂಡರ್‌ಗೆ ಆಡಿದ್ದಕ್ಕೆ 2. ಎರಡು ಗೋಲು ಬಿಟ್ಟದ್ದಕ್ಕೆ 1 ಕಡಿತ. ಉಳಿದದ್ದು 1. ಅದರ ಮೇಲೆ ಹಳದಿ ಕಾರ್ಡ್ ಬಿದ್ದರೆ ಸೊನ್ನೆ.

ಸೋಲುವ ತಂಡದ ಫ್ಯಾಂಟಸಿ ಲೆಕ್ಕವೆಲ್ಲ ಈ ಒಂದು ಪಂದ್ಯದಲ್ಲೇ ಇದೆ. ಸೋಲು ಡಿಫೆಂಡರ್ ಮತ್ತು ಕೀಪರ್‌ನ ಅಂಕವನ್ನು ತಿನ್ನುತ್ತದೆ, ಗೋಲು ಹೊಡೆಯುವವನ ಅಂಕವನ್ನು ಮುಟ್ಟುವುದಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ 'ಯುನೈಟೆಡ್ ಈ ಸಲ ಗೆಲ್ಲುತ್ತದೆಯೇ' ಎಂಬುದಲ್ಲ, 'ಅವರು ಹೊಡೆಯುವ ಗೋಲುಗಳಲ್ಲಿ ಯಾರ ಪಾಲು ಎಷ್ಟು' ಎಂಬುದು. ಕಳೆದ ಸಲದ 44 ಗೋಲುಗಳಲ್ಲಿ ಬ್ರೂನೊ ಫರ್ನಾಂಡಿಸ್ ಹೊಡೆದದ್ದು 8, ಹೊಡೆಸಿದ್ದು 10. ನೂರಕ್ಕೆ 41ರಷ್ಟು ಪಾಲು ಒಬ್ಬನದೇ.

ಇದಕ್ಕೆ ಎದ್ದು ಕಾಣುವ ಉದಾಹರಣೆ ಚೆಲ್ಸಿಯ ಕೋಲ್ ಪಾಮರ್. 2022–23ರಲ್ಲಿ ಚೆಲ್ಸಿ 12ನೇ ಸ್ಥಾನಕ್ಕೆ ಕುಸಿದಿತ್ತು. ಮುಂದಿನ ಋತುವಿನಲ್ಲಿ 5 ಮಿಲಿಯನ್ ಬೆಲೆಯ ಪಾಮರ್ 22 ಗೋಲು ಹೊಡೆದು 244 ಅಂಕದೊಂದಿಗೆ ಎಫ್‌ಪಿಎಲ್‌ನಲ್ಲೇ ಮೊದಲಿಗರಾದರು. ಆ 22ರಲ್ಲಿ 9 ಪೆನಾಲ್ಟಿ. ತಂಡ ಎಡವುತ್ತಲೇ ಇರಲಿ, ಪೆನಾಲ್ಟಿ ಹೊಡೆಯುವವನು ಯಾರೆಂದು ನೋಡಿಕೊಂಡವರು ಗೆದ್ದರು.

ಪೆನಾಲ್ಟಿ ಯಾರದು?

ಈ ಸಲದ ದೊಡ್ಡ ಬಲೆ ಇಲ್ಲೇ ಇದೆ. ಬ್ರೆಂಟ್‌ಫರ್ಡ್‌ನಿಂದ ಬಂದಿರುವ ಬ್ರಯಾನ್ ಎಂಬ್ಯೂಮೊ ಕಳೆದ ಸಲ 38 ಪಂದ್ಯವನ್ನೂ ಆಡಿ 20 ಗೋಲು ಹೊಡೆದು 236 ಫ್ಯಾಂಟಸಿ ಅಂಕ ಗಳಿಸಿದ್ದರು. 2025–26ರ ಆರಂಭದಲ್ಲಿ ಬೆಲೆ 8 ಮಿಲಿಯನ್. 236 ಅಂಕದವನು 8ಕ್ಕೆ ಸಿಕ್ಕರೆ ಬಿಡುವುದುಂಟೇ ಎಂದು ಎಲ್ಲರೂ ಕೈ ಹಾಕುತ್ತಿದ್ದರು.

ಆದರೆ ಆ 20ರಲ್ಲಿ 5 ಪೆನಾಲ್ಟಿ ಗೋಲು. ಬ್ರೆಂಟ್‌ಫರ್ಡ್‌ನಲ್ಲಿ ಚೆಂಡು ಇಡುತ್ತಿದ್ದವರು ಅವರೇ. ಯುನೈಟೆಡ್‌ನಲ್ಲಿ ಆ ಕೆಲಸ ಬ್ರೂನೊದು. ಐದು ಗೋಲು ಎಂದರೆ 25 ಅಂಕ, ಅದರ ಜೊತೆಗಿನ ಬೋನಸ್ ಬೇರೆ. ಇನ್ನೊಂದು ಸಂಗತಿ: ಎಂಬ್ಯೂಮೊ ಮತ್ತು ವುಲ್ವ್ಸ್‌ನಿಂದ ಬಂದ ಮಥೇಯಸ್ ಕುನ್ಯಾ (15 ಗೋಲು) ಇಬ್ಬರೂ ಸಿಕ್ಕ ಅವಕಾಶಗಳ ಗುಣಮಟ್ಟಕ್ಕಿಂತ, ಅಂದರೆ ಎಕ್ಸ್‌ಜಿ ಲೆಕ್ಕಕ್ಕಿಂತ, ಬಹಳ ಹೆಚ್ಚು ಗೋಲು ಹೊಡೆದಿದ್ದಾರೆ. ಒಂದು ವರ್ಷ ಹೀಗಾಗುತ್ತದೆ. ಮರುವರ್ಷವೂ ಆಗುತ್ತದೆ ಎಂದು ಬಜೆಟ್ ಕಟ್ಟಬಾರದು. ಎಂಬ್ಯೂಮೊ ಬೇಡ ಎಂದಲ್ಲ. 236ರ ಆಸೆಯಲ್ಲಿ ಕೊಳ್ಳಬೇಡಿ, ಅದರಲ್ಲಿ ಒಂದು ಪಾಲು ಕಳೆದು ಕೊಳ್ಳಿ. ಹಾಗೆ ಕಳೆದರೂ 8 ಮಿಲಿಯನ್‌ಗೆ ಮೋಸವಿಲ್ಲ.

ಪಟ್ಟಿಯಲ್ಲಿ ಒಂದು, ಮೈದಾನದಲ್ಲಿ ಇನ್ನೊಂದು

ಆಗ ಅಮೊರಿಮ್ ಆಡಿಸುತ್ತಿದ್ದದ್ದು 3–4–2–1. ಹಿಂದೆ ಮೂವರು ಸೆಂಟರ್‌ಬ್ಯಾಕ್, ಎರಡೂ ಅಂಚಿಗೆ ವಿಂಗ್‌ಬ್ಯಾಕ್, ನಡುವೆ ಇಬ್ಬರು, ಮುಂದೆ ಸ್ಟ್ರೈಕರ್‌ನ ಬೆನ್ನಿಗೆ ಇಬ್ಬರು. ಎಫ್‌ಪಿಎಲ್ ಪಟ್ಟಿಗೂ ಈ ರಚನೆಗೂ ತಾಳೆ ನೋಡಿದರೆ ಲಾಭ-ನಷ್ಟ ಎರಡೂ ಕಾಣುತ್ತವೆ.

ಕುನ್ಯಾ ಮತ್ತು ಎಂಬ್ಯೂಮೊ ಆಡುವುದು ಸ್ಟ್ರೈಕರ್‌ನ ಹಿಂದಿನ ಎರಡು ಜಾಗಗಳಲ್ಲಿ, ಗೋಲಿನ ಹತ್ತಿರ. ಪಟ್ಟಿಯಲ್ಲಿ ಇಬ್ಬರೂ ಮಿಡ್‌ಫೀಲ್ಡರ್‌ಗಳು. ಹಾಗಾಗಿ ಒಂದು ಗೋಲಿಗೆ ಫಾರ್ವರ್ಡ್‌ನ 4ರ ಬದಲು 5 ಅಂಕ, ತಂಡ ಗೋಲು ಬಿಡದಿದ್ದರೆ (ಇದೇ ಕ್ಲೀನ್ ಶೀಟ್) ಇನ್ನೊಂದು. ಇದು ಲಾಭ.

ಅಮಾದ್ ದಿಯಾಲೊ ವಿಷಯ ತಿರುಗುಮುರುಗು. ಕಳೆದ ಸಲ ಲೀಗ್‌ನಲ್ಲಿ 8 ಗೋಲು ಹೊಡೆದಿದ್ದಾರೆ, ಬೆಲೆ 6.5. ಆದರೆ ಮುಂದಿನ ಎರಡು ಜಾಗ ಭರ್ತಿಯಾಗಿರುವುದರಿಂದ ಋತುಪೂರ್ವ ಪಂದ್ಯಗಳಲ್ಲಿ ಅವರನ್ನು ಬಲ ವಿಂಗ್‌ಬ್ಯಾಕ್ ಆಗಿ ನಿಲ್ಲಿಸಿದ್ದಾರೆ. ಓಡಾಟ ಡಿಫೆಂಡರ್‌ನದು, ಕ್ಲೀನ್ ಶೀಟ್‌ಗೆ ಡಿಫೆಂಡರ್‌ಗೆ ಸಿಗುವ 4 ಅಂಕ ಇಲ್ಲ, ಮಿಡ್‌ಫೀಲ್ಡರ್‌ನ 1 ಮಾತ್ರ. ಎಡಗಡೆಯ ಪ್ಯಾಟ್ರಿಕ್ ಡೋರ್ಗು ಇದಕ್ಕೆ ತದ್ವಿರುದ್ಧ: ಪಟ್ಟಿಯಲ್ಲಿ ಡಿಫೆಂಡರ್, ಬೆಲೆ 4.5, ಆಡುವುದು ಮುಂದೆ. ಯುನೈಟೆಡ್ ಡಿಫೆನ್ಸ್‌ನಿಂದ ಒಬ್ಬ ಬೇಕೇಬೇಕು ಎಂದು ಹಟ ಹಿಡಿದರೆ ಡೋರ್ಗು, ಅದೂ ಬೆಂಚಿಗೆ, ಅಂದರೆ ಮೀಸಲು ಆಟಗಾರನಾಗಿ.

ಬ್ರೂನೊ, ಬೆಲೆ 9 ಮಿಲಿಯನ್, ಈ ರಚನೆಯಲ್ಲಿ ನಡುವಿನ ಇಬ್ಬರಲ್ಲಿ ಒಬ್ಬರಾಗಿ ಹಿಂದೆ ಸರಿಯುತ್ತಾರೆ. ಗೋಲಿನಿಂದ ದೂರವಾಗುವುದು ನಿಜ. ಪೆನಾಲ್ಟಿ, ಕಾರ್ನರ್, ಫ್ರೀ ಕಿಕ್ ಮಾತ್ರ ಅವರ ಕಾಲಲ್ಲೇ ಉಳಿಯುತ್ತವೆ. ಜೊತೆಗೆ 2025–26ರ ಋತುವಿಗೆ ಹೊಸ ನಿಯಮ ಬಂತು: ತೆರವು, ಬ್ಲಾಕ್, ಇಂಟರ್‌ಸೆಪ್ಷನ್, ಟ್ಯಾಕಲ್ ಸೇರಿ ಒಂದು ಪಂದ್ಯದಲ್ಲಿ 10 ಮಾಡಿದ ಡಿಫೆಂಡರ್‌ಗೆ 2 ಅಂಕ, ಮಿಡ್‌ಫೀಲ್ಡರ್ ಮತ್ತು ಫಾರ್ವರ್ಡ್‌ಗೆ ಚೆಂಡು ಮರಳಿ ಗಳಿಸಿದ್ದನ್ನೂ ಸೇರಿಸಿ 12 ಆಗಬೇಕು. ಹಿಂದೆ ಆಡುವ ಬ್ರೂನೊಗೆ ಇದು ಆಗೀಗ ದಕ್ಕಬಹುದು. ಕುನ್ಯಾ, ಎಂಬ್ಯೂಮೊಗೆ ಕಷ್ಟ.

ಈ ಹೊಸ ನಿಯಮ ನೋಡಿ 'ಸೋಲುವ ತಂಡ ಹೆಚ್ಚು ಹೊತ್ತು ಡಿಫೆಂಡ್ ಮಾಡುತ್ತದೆ, ಅವರ ಸೆಂಟರ್‌ಬ್ಯಾಕ್‌ಗಳಿಗೆ ಸುಗ್ಗಿ' ಎಂದು ಹೇಳುವವರಿದ್ದಾರೆ. ಹಿಂದೆ ಇಬ್ಬರೇ ನಿಂತು ದಿನವಿಡೀ ಕ್ರಾಸ್ ತಲೆಯಲ್ಲಿ ಹೊಡೆಯುವ ತಂಡಗಳ ಮಟ್ಟಿಗೆ ಆ ಮಾತು ಸರಿ. ಯುನೈಟೆಡ್‌ನಲ್ಲಿ ಆ ಕೆಲಸ ಮೂವರ ನಡುವೆ ಹಂಚಿಹೋಗುತ್ತದೆ.

ಕೀಪರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಋತುವಿನ ಆರಂಭಕ್ಕೆ ಆಂದ್ರೆ ಒನಾನಾ ಗಾಯದಿಂದ ಆಗಷ್ಟೇ ಮರಳುತ್ತಿದ್ದರು, ಅಲ್ತಾಯ್ ಬಾಯಿಂಡಿರ್ ಕಾದಿದ್ದರು. ಯಾರು ಆಡುತ್ತಾರೆಂದು ಗೊತ್ತಿಲ್ಲದ ಜಾಗಕ್ಕೆ ದುಡ್ಡು ಹಾಕಬೇಡಿ.

ಹೊಸ ಸ್ಟ್ರೈಕರ್ ಬೆಂಜಮಿನ್ ಶೆಷ್ಕೊ, ಬೆಲೆ 7.5. ಜರ್ಮನಿಯ ಲೈಪ್‌ಜಿಗ್‌ನಿಂದ ಬಂದದ್ದು 2025ರ ಆಗಸ್ಟ್ 9ಕ್ಕೆ. ಋತು ಶುರುವಾಗುವ ಮುಂಚೆ ತಂಡದೊಂದಿಗೆ ಒಂದು ಅಭ್ಯಾಸ ಪಂದ್ಯವನ್ನೂ ಆಡಿರಲಿಲ್ಲ. ಮೊದಲ ವಾರಗಳಲ್ಲಿ ಬೆಂಚಿನಿಂದ ಬಂದು 20–30 ನಿಮಿಷ ಆಡಿದರೆ ಸಿಗುವುದು ತಲಾ 1 ಅಂಕ. ಈಗಲೇ ಕೊಳ್ಳುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಸತತ ಎರಡು ಪಂದ್ಯದಲ್ಲಿ ಆರಂಭದ ಹನ್ನೊಂದರಲ್ಲಿ ಹೆಸರು ಕಂಡ ಮೇಲೆ ನೋಡಿ.

ಪಂದ್ಯಗಳ ಪಟ್ಟಿ ಮುಂದಿಟ್ಟುಕೊಳ್ಳಿ

2025–26ರ ಮೊದಲ ಎಂಟು ವಾರ ಹೀಗಿದ್ದವು: ಆರ್ಸೆನಲ್ (ಮನೆಯಲ್ಲಿ), ಫುಲಮ್ (ಹೊರಗೆ), ಬರ್ನ್‌ಲಿ (ಮನೆ), ಮ್ಯಾಂಚೆಸ್ಟರ್ ಸಿಟಿ (ಹೊರಗೆ), ಚೆಲ್ಸಿ (ಮನೆ), ಬ್ರೆಂಟ್‌ಫರ್ಡ್ (ಹೊರಗೆ), ಸಂಡರ್‌ಲ್ಯಾಂಡ್ (ಮನೆ), ಲಿವರ್‌ಪೂಲ್ (ಹೊರಗೆ). ಸಿಹಿಯೂ ಕಹಿಯೂ ಬೆರೆತ ಪಟ್ಟಿ. ಎಂಟರಲ್ಲಿ ನಾಲ್ಕು ಪಂದ್ಯ ದೊಡ್ಡ ತಂಡಗಳ ಮೇಲೆ.

ಬರ್ನ್‌ಲಿ ಎಂದರೆ ಸುಲಭ ಎಂದುಕೊಳ್ಳುವ ಮುಂಚೆ ಒಂದು ಅಂಕಿ: ಕಳೆದ ಸಲ ಕೆಳಗಿನ ಡಿವಿಷನ್‌ನ 46 ಪಂದ್ಯಗಳಲ್ಲಿ ಅವರು ಬಿಟ್ಟುಕೊಟ್ಟದ್ದು 16 ಗೋಲು ಮಾತ್ರ. ಆ ಗೋಲು ಕಾದ ಜೇಮ್ಸ್ ಟ್ರಾಫರ್ಡ್ 2025–26ಕ್ಕೆ ಮುಂಚೆ ಸಿಟಿಗೆ ಹೋದರು ಎನ್ನುವುದೊಂದು ಸಮಾಧಾನ.

ನಿಜವಾದ ಕಿಟಕಿ ತೆರೆಯುವುದು 9ನೇ ಗೇಮ್‌ವೀಕ್‌ಗೆ, ಅಂದರೆ ಒಂಬತ್ತನೇ ಸುತ್ತಿನ ಪಂದ್ಯಗಳಿಗೆ. ಅಲ್ಲಿಂದ 16ರವರೆಗೆ ಬ್ರೈಟನ್, ನಾಟಿಂಗ್‌ಹ್ಯಾಮ್ ಫಾರೆಸ್ಟ್, ಟಾಟನ್‌ಹ್ಯಾಮ್, ಎವರ್ಟನ್, ಕ್ರಿಸ್ಟಲ್ ಪ್ಯಾಲೆಸ್, ವೆಸ್ಟ್ ಹ್ಯಾಮ್, ವುಲ್ವ್ಸ್, ಬೋರ್ನ್‌ಮತ್. ಆರ್ಸೆನಲ್, ಸಿಟಿ, ಲಿವರ್‌ಪೂಲ್, ಚೆಲ್ಸಿ ನಾಲ್ಕೂ ಇಲ್ಲ. ಯುರೋಪಿನ ಪಂದ್ಯಗಳಿಲ್ಲದ ಕಾರಣ ಯುನೈಟೆಡ್‌ಗೆ ವಾರದ ನಡುವೆ ಬಿಡುವು. ಮುಖ್ಯ ಆಟಗಾರರನ್ನು ಕೂರಿಸುವ ಪ್ರಸಂಗ ಕಡಿಮೆ. ಹಿಂದೆ 2014–15ರಲ್ಲೂ ಯುರೋಪ್ ಇಲ್ಲದೆ ಆಡಿದ ಯುನೈಟೆಡ್ 7ರಿಂದ 4ನೇ ಸ್ಥಾನಕ್ಕೆ ಏರಿತ್ತು.

ಹಾಗಾಗಿ ಲೆಕ್ಕಾಚಾರ ಹೀಗಿರಲಿ. ಮೊದಲ ವಾರ ಯುನೈಟೆಡ್‌ನಿಂದ ಒಬ್ಬನೇ: ಬ್ರೂನೊ ಅಥವಾ ಎಂಬ್ಯೂಮೊ. ನಮ್ಮ ಒಲವು ಬ್ರೂನೊ ಕಡೆಗೆ, ಪೆನಾಲ್ಟಿ ಕಾರಣಕ್ಕೆ. ಆದರೆ ಒಂದು ಮಿಲಿಯನ್ ಉಳಿಸಿದರೆ ಡಿಫೆನ್ಸ್‌ನಲ್ಲಿ ಇನ್ನೊಬ್ಬ ಒಳ್ಳೆಯವನು ಸಿಗುತ್ತಾನೆ ಎಂಬಂತಿದ್ದರೆ ಎಂಬ್ಯೂಮೊ ಆದರೂ ಸರಿಯೇ. ಎರಡನೇ ವಾರ ಸಿಗುವ ಒಂದು ಉಚಿತ ವರ್ಗಾವಣೆಯನ್ನು (ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ಸೇರಿಸುವ ಅವಕಾಶ) ಬಳಸದೆ ಉಳಿಸಿ; ಮೂರನೇ ವಾರಕ್ಕೆ ಕೈಯಲ್ಲಿ ಎರಡಿರುತ್ತವೆ. ಅಷ್ಟರಲ್ಲಿ ಎರಡು ಪಂದ್ಯ ನೋಡಿರುತ್ತೀರಿ. 9ನೇ ವಾರದ ಹೊತ್ತಿಗೆ ವೈಲ್ಡ್‌ಕಾರ್ಡ್ (ಅಂಕ ಕಡಿತವಿಲ್ಲದೆ ಇಡೀ ತಂಡವನ್ನೇ ಬದಲಿಸುವ ಅವಕಾಶ) ಹಾಕುವುದಾದರೆ ಇಬ್ಬರಾಗಲಿ. ಮೂವರು ಬೇಡ. ಬೆಂಗಳೂರಿನಲ್ಲಿ ಯುನೈಟೆಡ್ ಅಭಿಮಾನಿಗಳಿಗೇನೂ ಬರವಿಲ್ಲ. ಗೆಳೆಯರ ನಡುವೆ ಪೈಪೋಟಿಗೆ ಕಟ್ಟಿಕೊಂಡ ಅವರ ಮಿನಿ ಲೀಗ್‌ಗಳಲ್ಲಿ ಮೂರೂ ಜಾಗ ಕೆಂಪು ಅಂಗಿಗೆ ಕೊಟ್ಟು ಕೊನೆಯಲ್ಲಿ ಕೂತವರಿಗೂ ಬರವಿಲ್ಲ.

ಅಂಕವನ್ನು ಎರಡು ಪಟ್ಟು ಮಾಡುವ ಕ್ಯಾಪ್ಟನ್ ಪಟ್ಟ? ಮೊದಲ ಎಂಟು ವಾರದಲ್ಲಿ ಯೋಚಿಸಬಹುದಾದದ್ದು ಬರ್ನ್‌ಲಿ ಮತ್ತು ಸಂಡರ್‌ಲ್ಯಾಂಡ್ ಪಂದ್ಯಗಳಿಗೆ ಮಾತ್ರ.

ಎಡವುವುದು ಎಲ್ಲಿ

ಆರ್ಸೆನಲ್ ಎದುರು ಸೋತ ರಾತ್ರಿಯೇ ಸಿಟ್ಟಿಗೆ ಮಾರಿಬಿಡುವುದು ಮೊದಲ ತಪ್ಪು. ಉಚಿತ ವರ್ಗಾವಣೆ ಮುಗಿದ ಮೇಲೆ ಪ್ರತಿ ಬದಲಾವಣೆಗೂ 4 ಅಂಕ ಕಡಿತ. ಒಳಗೆ ಬರುವವನು ಹೊರಗೆ ಹೋಗುವವನಿಗಿಂತ 4 ಹೆಚ್ಚು ತಂದರೆ ಸರಿಸಮ ಅಷ್ಟೇ, ಐದನೆಯದರಿಂದ ಲಾಭ. ತಂಡ ಹೇಗೆ ಆಡಿತು ಎನ್ನುವುದಕ್ಕಿಂತ ನಿಮ್ಮವನು ಎಷ್ಟು ನಿಮಿಷ ಆಡಿದ, ಎಷ್ಟು ಶಾಟ್ ಹೊಡೆದ, ಕಾರ್ನರ್ ಯಾರು ಹಾಕಿದರು ಎಂದು ನೋಡಿ.

ಎರಡನೆಯದು ಡಿಸೆಂಬರ್. ಆಫ್ರಿಕಾದ ದೇಶಗಳ ಟೂರ್ನಿ ಆಫ್ರಿಕಾ ಕಪ್ ಮೊರಾಕ್ಕೊದಲ್ಲಿ 2025ರ ಡಿಸೆಂಬರ್ 21ಕ್ಕೆ ಆರಂಭ, 2026ರ ಜನವರಿ 18ಕ್ಕೆ ಫೈನಲ್ ಎಂದು ನಿಗದಿಯಾಗಿತ್ತು. ಕ್ಯಾಮರೂನ್‌ನ ಎಂಬ್ಯೂಮೊ, ಐವರಿ ಕೋಸ್ಟ್‌ನ ಅಮಾದ್ ಆಯ್ಕೆಯಾದರೆ 17ನೇ ಗೇಮ್‌ವೀಕ್‌ನಿಂದ ಸಿಗುತ್ತಿರಲಿಲ್ಲ. ಅವರ ದೇಶ ಕೊನೆಯವರೆಗೂ ಉಳಿದರೆ ಆರು ಗೇಮ್‌ವೀಕ್ ಕೈತಪ್ಪಬಹುದಿತ್ತು. ಇದಕ್ಕೆಂದೇ 2025–26ರಲ್ಲಿ 16ನೇ ವಾರಕ್ಕೆ ಎಲ್ಲರ ಉಚಿತ ವರ್ಗಾವಣೆಗಳನ್ನು 5ಕ್ಕೆ ಏರಿಸಲಾಯಿತು. ಆದ್ದರಿಂದ 15ನೇ ವಾರ ಕೈಯಲ್ಲಿದ್ದುದನ್ನು ಕೂಡಿಡುವುದರಲ್ಲಿ ಅರ್ಥವಿರಲಿಲ್ಲ, ಖರ್ಚು ಮಾಡುವುದೇ ಸರಿ.

ಮಾರಿ ಜನವರಿಯಲ್ಲಿ ಮತ್ತೆ ಕೊಳ್ಳುವ ಯೋಚನೆ ಇದ್ದರೆ ಬೆಲೆಯ ಗಣಿತ ತಿಳಿದಿರಲಿ. 8ಕ್ಕೆ ಕೊಂಡವನು 8.3 ಆದರೆ ಲಾಭದ ಅರ್ಧ ಮಾತ್ರ ನಿಮ್ಮದು, ಅದೂ ಕೆಳಕ್ಕೆ ಇಳಿಸಿ: ಮಾರಿದಾಗ ಸಿಗುವುದು 8.1. ಮರಳಿ ಕೊಳ್ಳಲು 8.3 ಕೊಡಬೇಕು. ಆ 0.2 ಎಲ್ಲಿಂದ ತರುತ್ತೀರೆಂದು ಮಾರುವ ಮುಂಚೆಯೇ ನೋಡಿಕೊಳ್ಳಿ. ಋತುವಿನ ಮೊದಲರ್ಧಕ್ಕೆ ಸಿಗುವ ಚಿಪ್‌ಗಳು, ಅಂದರೆ ವಿಶೇಷ ಅವಕಾಶಗಳು (ವೈಲ್ಡ್‌ಕಾರ್ಡ್, ಫ್ರೀ ಹಿಟ್, ಬೆಂಚ್ ಬೂಸ್ಟ್, ಟ್ರಿಪಲ್ ಕ್ಯಾಪ್ಟನ್) 19ನೇ ಗೇಮ್‌ವೀಕ್‌ನ ಗಡುವಿನೊಂದಿಗೆ ಸತ್ತುಹೋಗುತ್ತವೆ. ಉಳಿದರ್ಧಕ್ಕೆ ಒಯ್ಯಲಾಗದು.

ಇನ್ನು ಗಡಿಯಾರ. ಗಡುವು ಎಂದರೆ ಆ ವಾರದ ಮೊದಲ ಪಂದ್ಯಕ್ಕೆ 90 ನಿಮಿಷ ಮುಂಚೆ. ಮೊದಲ ಪಂದ್ಯ ಅಲ್ಲಿನ ಶನಿವಾರ ಮಧ್ಯಾಹ್ನ 12.30ಕ್ಕಿದ್ದರೆ ನಮಗೆ ಗಡುವು ಮಧ್ಯಾಹ್ನ 3.30, ಶುಕ್ರವಾರ ರಾತ್ರಿ 8ಕ್ಕಿದ್ದರೆ ನಮಗೆ ರಾತ್ರಿ 11. ಅಕ್ಟೋಬರ್ ಕೊನೆಯಲ್ಲಿ ಇಂಗ್ಲೆಂಡ್‌ನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ಮೇಲೆ ಇವು 4.30 ಮತ್ತು ಮಧ್ಯರಾತ್ರಿ 12 ಆಗುತ್ತವೆ. ಯುನೈಟೆಡ್‌ನ ಪಂದ್ಯ ಭಾನುವಾರ ಇದೆಯಲ್ಲ ಎಂದು ಶನಿವಾರ ಸಂಜೆ ಫೋನ್ ತೆರೆದರೆ ಬಾಗಿಲು ಮುಚ್ಚಿರುತ್ತದೆ.