ಮಗನ ಮೇಲೆ ಅನುಮಾನ ಬಂದ ಮೇಲೆ: ಒಬ್ಬ ಲೆಕ್ಕಪರಿಶೋಧಕ ಅಪ್ಪನ ಟಿಪ್ಪಣಿಗಳು

ಇಪ್ಪತ್ತೆರಡು ವರ್ಷಗಳಿಂದ ಬೇರೆಯವರ ಲೆಕ್ಕದ ಪುಸ್ತಕಗಳಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ಹದಿನಾರು ವರ್ಷದ ಮಗನ ಪೆನ್ಸಿಲ್ ಡಬ್ಬಿಯಲ್ಲಿ ಸಿಗರೇಟು ಸುತ್ತುವ ತೆಳು ಕಾಗದದ ಕಟ್ಟೊಂದು ಸಿಕ್ಕಿ, ಅವನು ಮಾದಕವಸ್ತು ಬಳಸುತ್ತಿದ್ದಾನೆ ಎಂಬ ಅನುಮಾನ ಬಂದಾಗ ನಾನು ಮಾಡಿದ್ದೂ ಅದನ್ನೇ. ಹದಿನೈದು ದಿನ ದಿನಾಂಕ ಹಾಕಿ ಬರೆದೆ: ಎಷ್ಟು ಗಂಟೆಗೆ ಬಂದ, ಕಣ್ಣು ಹೇಗಿತ್ತು, ಎಷ್ಟು ಹೊತ್ತಿಗೆ ದೀಪ ಆರಿಸಿದ. ಬ್ಯಾಗು ಜಾಲಾಡಿದೆ. ಅವನು ಸ್ನಾನಕ್ಕೆ ಹೋದಾಗ ಮೊಬೈಲ್ ತೆರೆಯಲು ನೋಡಿದೆ. ಕೊನೆಗೊಂದು ರಾತ್ರಿ ಹನ್ನೊಂದು ಗಂಟೆಗೆ ಹೆಂಡತಿಯನ್ನೂ ಅವಳ ಅಣ್ಣನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಪುಸ್ತಕ ಬಿಚ್ಚಿ ಸಾಲು ಸಾಲಾಗಿ ಓದಿದೆ. ಮಗ ಕೇಳಿದ್ದು ಒಂದೇ ಮಾತು: "ಇದನ್ನೆಲ್ಲ ಯಾವಾಗಿನಿಂದ ಬರೆಯುತ್ತಿದ್ದೀರಿ?" ಆಮೇಲೆ ಮೂರು ವಾರ ಅವನು ನನ್ನೊಂದಿಗೆ ಮಾತನಾಡಲಿಲ್ಲ.

ಲೆಕ್ಕಪರಿಶೋಧನೆ ಓದಿದವರೆಲ್ಲ ಇಂಗ್ಲೆಂಡಿನ 1896ರ ತೀರ್ಪೊಂದನ್ನು ಉರು ಹೊಡೆದಿರುತ್ತಾರೆ: ಪರಿಶೋಧಕ ಕಾವಲು ನಾಯಿಯೇ ಹೊರತು ಬೇಟೆ ನಾಯಿಯಲ್ಲ. ಕಚೇರಿಯಲ್ಲಿ ಪಾಲಿಸಿದ್ದನ್ನು ಮನೆಯಲ್ಲಿ ಮರೆತೆ. ಕೆಳಗಿನದೆಲ್ಲ ಆ ರಾತ್ರಿಯ ನಂತರ ವೈದ್ಯರಿಂದ, ಆಪ್ತಸಮಾಲೋಚಕಿಯಿಂದ ಮತ್ತು ಮಗನಿಂದ ಕಲಿತದ್ದು.

ಬರೆದಿಡುವುದು ತಪ್ಪಲ್ಲ. ಆದರೆ ಪುಟವನ್ನು ಎರಡು ಕಾಲಂ ಮಾಡಿ. ಒಂದರಲ್ಲಿ ಕಣ್ಣಾರೆ ಕಂಡದ್ದು, ಇನ್ನೊಂದರಲ್ಲಿ ನೀವು ಊಹಿಸಿದ್ದು. "ಕಣ್ಣು ಕೆಂಪಾಗಿತ್ತು" ಎಂಬುದು ಮೊದಲನೆಯದಕ್ಕೆ, "ಗಾಂಜಾ ಸೇದಿ ಬಂದಿದ್ದಾನೆ" ಎಂಬುದು ಎರಡನೆಯದಕ್ಕೆ. ನನ್ನ ಹದಿನೈದು ದಿನಗಳ ಬರಹವನ್ನು ಹೀಗೆ ವಿಂಗಡಿಸಿದಾಗ ಗಂಟೆ ಹೊತ್ತುಗಳನ್ನು ಬಿಟ್ಟರೆ ಮೊದಲ ಕಾಲಮ್ಮಿನಲ್ಲಿ ಉಳಿದದ್ದು ನಾಲ್ಕೇ ಸಾಲು. ನನ್ನ ಅಮ್ಮನ ನಿದ್ರೆ ಮಾತ್ರೆಯ ಪಟ್ಟಿಯಲ್ಲಿ ನಾಲ್ಕು ಮಾತ್ರೆ ಕಡಿಮೆಯಿತ್ತು; ಅದನ್ನೂ ಮಗನ ಖಾತೆಗೆ ಬರೆದಿದ್ದೆ. ಅಮ್ಮ ಅವನ್ನು ಪಕ್ಕದ ಮನೆಯ ಗೆಳತಿಗೆ ಕೊಟ್ಟಿದ್ದರಂತೆ. (ಅದೂ ತಪ್ಪೇ, ಆದರೆ ಬೇರೆಯ ತಪ್ಪು.)

ಹದಿಹರೆಯದ ಮಕ್ಕಳು ತಡವಾಗಿ ಮಲಗುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ, ಸಿಡುಕುತ್ತಾರೆ. ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾದ ಹೊತ್ತಿಗೆ ಸರಿಯುತ್ತದೆ. ಖಿನ್ನತೆ, ಪರೀಕ್ಷೆಯ ಭಯ, ಶಾಲೆಯಲ್ಲಿ ಯಾರೋ ಕೊಡುತ್ತಿರುವ ಕಿರುಕುಳ ಇವೂ ಹೊರಗಿನಿಂದ ಹೀಗೆಯೇ ಕಾಣುತ್ತವೆ. ಒಂದು ಲಕ್ಷಣ ಏನನ್ನೂ ಹೇಳುವುದಿಲ್ಲ. ಹಳೆಯ ಗೆಳೆಯರು ಮಾಯವಾಗುವುದು, ಇಷ್ಟದ ಆಟ ಕೈಬಿಡುವುದು, ಅಂಕ ಕುಸಿಯುವುದು, ಹಣ ಕಾಣೆಯಾಗುವುದು ಇವೆಲ್ಲ ಕೆಲವೇ ವಾರಗಳಲ್ಲಿ ಒಟ್ಟಿಗೆ ಬಂದರೆ ಗಮನ ಕೊಡಿ. ದೇಹವೂ ಸ್ವಲ್ಪ ಹೇಳುತ್ತದೆ. ಗಾಂಜಾದಿಂದ ಕಣ್ಣು ಕೆಂಪಾಗುತ್ತದೆ, ಹೆರಾಯಿನ್‌ನಂಥ ಅಫೀಮು ವರ್ಗದ ವಸ್ತುಗಳಿಂದ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ, ಕೊಕೇನ್‌ನಂಥ ಉತ್ತೇಜಕಗಳಿಂದ ಅಗಲವಾಗುತ್ತದೆ. ಥಿನ್ನರ್, ಅಂಟು, ವೈಟ್ನರ್ ಮೂಸುವವರ ಬಟ್ಟೆಯಲ್ಲಿ ರಾಸಾಯನಿಕದ ವಾಸನೆ, ಬಾಯಿಯ ಸುತ್ತ ಗುಳ್ಳೆ ಇರಬಹುದು. ಅಲರ್ಜಿಗೂ ಕಣ್ಣು ಕೆಂಪಾಗುತ್ತದೆ ಎಂಬುದನ್ನು ಮರೆಯಬೇಡಿ.

ಬ್ಯಾಗಿಗಿಂತ ಮೊದಲು ನಿಮ್ಮದೇ ಔಷಧದ ಕಪಾಟನ್ನು ನೋಡಿ. ನಿದ್ರೆ ಮಾತ್ರೆ, ಬಲವಾದ ನೋವು ನಿವಾರಕ, ಅಫೀಮು ವರ್ಗದ ಕೋಡೀನ್ ಇರುವ ಕೆಮ್ಮಿನ ಔಷಧ ಇದ್ದರೆ ಎಣಿಸಿ, ಬೀಗ ಹಾಕಿ. ಬೇಡದ್ದನ್ನು ವಿಲೇವಾರಿ ಮಾಡುವುದು ಹೇಗೆಂದು ಔಷಧಾಲಯದಲ್ಲಿ ಕೇಳಿ.

ಮಾತಿಗೆ ಕೂರುವ ಮೊದಲು ಗಂಡ ಹೆಂಡತಿ ಒಂದು ಮಾತಿಗೆ ಬನ್ನಿ. ನಾನು ಪೊಲೀಸನಾಗಿ, ನನ್ನ ಹೆಂಡತಿ ವಕೀಲಳಾಗಿ ನಿಂತಾಗ ಮಗನಿಗೆ ಸುಲಭವಾದ ದಾರಿ ಸಿಕ್ಕಿತ್ತು: ನಮ್ಮಿಬ್ಬರ ಜಗಳ ನೋಡುತ್ತ ಸುಮ್ಮನಿರುವುದು.

ಇನ್ನು ಮಾತು. ರಾತ್ರಿ ಬೇಡ. ಅಮಲಿನಲ್ಲಿರುವಾಗ ಖಂಡಿತ ಬೇಡ. ಮಾವ, ಚಿಕ್ಕಪ್ಪ ಯಾರೂ ಬೇಡ. ಎದುರುಬದುರು ಕೂತರೆ ಅದು ವಿಚಾರಣೆಯೇ ಆಗುತ್ತದೆ. ನಡೆಯುತ್ತ ಅಥವಾ ಕಾರಿನಲ್ಲಿ ಅಕ್ಕಪಕ್ಕ ಕೂತು ಹೋಗುತ್ತ ಮಾತನಾಡಿದರೆ ಕಣ್ಣು ತಪ್ಪಿಸುವ ಕಷ್ಟ ಇಬ್ಬರಿಗೂ ಇರುವುದಿಲ್ಲ. ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ ಸಿಕ್ಕಿಹಾಕಿಸಬೇಡಿ. "ನಿನ್ನ ಬ್ಯಾಗಿನಲ್ಲಿ ಏನಿದೆ?" ಎಂದು ಕೇಳುವುದು ಅವನಿಂದ ಸುಳ್ಳು ಹೇಳಿಸುವ ಉಪಾಯ, ಅಷ್ಟೇ. ಮೂರು ವಾರಗಳ ಮೌನದ ನಂತರ ನಾನು ಹೇಳಿದ್ದು ಇದು, ಸಮಾಲೋಚಕಿ ಹೇಳಿಕೊಟ್ಟಂತೆ: "ಆ ಕಾಗದ ನೋಡಿದಾಗ ನನಗೆ ಭಯವಾಯಿತು. ಅದಕ್ಕೇ ನಿನ್ನ ಬ್ಯಾಗು ತೆರೆದೆ, ಅದು ತಪ್ಪಾಯಿತು. ಏನಾಗುತ್ತಿದೆ ಎಂದು ನಿನ್ನಿಂದಲೇ ಕೇಳಬೇಕು." ಆಮೇಲೆ ಬಾಯಿ ಮುಚ್ಚಿಕೊಂಡೆ. ನಲವತ್ತು ಹೆಜ್ಜೆ ನಡೆದಿರಬೇಕು, ಅವನು ಮಾತನಾಡುವ ಹೊತ್ತಿಗೆ.

ಒಪ್ಪಿಕೊಂಡ. ವಾರಕ್ಕೆ ಮೂರು ನಾಲ್ಕು ಸಲ ಗಾಂಜಾ. "ಎಷ್ಟು ಹಾನಿ ಗೊತ್ತೇ?" ಎಂಬ ಭಾಷಣ ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿಕೊಂಡು "ಅದರಿಂದ ನಿನಗೆ ಏನು ಸಿಗುತ್ತದೆ?" ಎಂದು ಕೇಳಿದೆ. ಈ ಪ್ರಶ್ನೆಯ ಹಿಂದೆ ಒಂದು ವಿಧಾನವಿದೆ. ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ ಮದ್ಯವ್ಯಸನಿಗಳ ಚಿಕಿತ್ಸೆಯ ಅನುಭವದಿಂದ 1983ರಲ್ಲಿ ಅದರ ಬಗ್ಗೆ ಬರೆದರು. ನಾವು ಬಿಡಲೇಬೇಕೆಂದು ವಾದಿಸಿದಷ್ಟೂ ಎದುರಿನವರು ಬಿಡದಿರಲು ಕಾರಣ ಹುಡುಕುತ್ತಾರೆ. ಬಿಡುವ ಕಾರಣ ಅವರ ಬಾಯಿಂದಲೇ ಬರಬೇಕು.

ಮಗನ ಉತ್ತರ: "ನಿದ್ದೆ ಬರುತ್ತದೆ, ಅಪ್ಪ."

ಎಷ್ಟೋ ತಿಂಗಳಿನಿಂದ ಅವನಿಗೆ ನಿದ್ದೆಯಿರಲಿಲ್ಲ. ನನ್ನ ಪುಸ್ತಕದಲ್ಲಿ ಎರಡು ಗಂಟೆ, ಎರಡೂವರೆ ಗಂಟೆ ಎಂದು ದೀಪ ಆರಿದ ಹೊತ್ತು ಹದಿನೈದು ಸಲ ದಾಖಲಾಗಿತ್ತು. ಏಕೆ ಎಚ್ಚರವಾಗಿದ್ದೀಯೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಮುಂದಿನ ಹೆಜ್ಜೆ ವೈದ್ಯರು. ಮಗುವಿನ ಜೊತೆ ಒಬ್ಬಂಟಿಯಾಗಿ ಮಾತನಾಡುವ ವೈದ್ಯರನ್ನು ಆರಿಸಿಕೊಳ್ಳಿ. ನಾನು ಮುಕ್ಕಾಲು ಗಂಟೆ ಬಾಗಿಲ ಹೊರಗೆ ಕುಳಿತಿದ್ದೆ. ಒಳಗೇನು ನಡೆಯಿತೆಂದು ಪೂರ್ತಿಯಾಗಿ ಇಂದಿಗೂ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಬಾಸ್ಟನ್ನಿನ ಮಕ್ಕಳ ವೈದ್ಯ ಜಾನ್ ನೈಟ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಆರು ಪ್ರಶ್ನೆಗಳು ಈ ವಯಸ್ಸಿನವರಿಗಾಗಿಯೇ ಇವೆ. ಅಮಲಿನಲ್ಲಿದ್ದವರು ಓಡಿಸುವ ವಾಹನದಲ್ಲಿ ಹೋಗಿದ್ದೀಯಾ, ನಿರಾಳವಾಗಲು ಬಳಸುತ್ತೀಯಾ, ಒಬ್ಬನೇ ಇದ್ದಾಗ ಬಳಸುತ್ತೀಯಾ, ಆಗ ಮಾಡಿದ್ದು ಮರೆತುಹೋಗುತ್ತದೆಯೇ, ಕಡಿಮೆ ಮಾಡು ಎಂದು ಮನೆಯವರೋ ಗೆಳೆಯರೋ ಹೇಳುತ್ತಾರೆಯೇ, ಅದರಿಂದ ತೊಂದರೆಗೆ ಸಿಕ್ಕಿದ್ದೀಯಾ. ಎರಡಕ್ಕೋ ಹೆಚ್ಚಿಗೋ ಹೌದು ಎಂದರೆ ವಿವರವಾದ ತಪಾಸಣೆ ಬೇಕು. ಇವನ್ನು ಮನೆಯಲ್ಲಿ ನೀವೇ ಕೇಳಿ ಅಂಕ ಹಾಕಲು ಹೋಗಬೇಡಿ. ಅಪ್ಪನಿಗೆ ಕೊಡುವ ಉತ್ತರವೂ ವೈದ್ಯರಿಗೆ ಕೊಡುವ ಉತ್ತರವೂ ಬೇರೆ.

ಮೂತ್ರ ಪರೀಕ್ಷೆಯ ಕಿಟ್ ತಂದು ಗುಟ್ಟಾಗಿ ಪರೀಕ್ಷಿಸಬೇಡಿ. ಲೆಕ್ಕದವನಾದ ನನಗೆ ಅಂಥ ಒಂದು ಸಂಖ್ಯೆ, ಒಂದು ಗೆರೆ ಸಿಕ್ಕಿಬಿಟ್ಟರೆ ಸಾಕೆನಿಸಿತ್ತು. ಆದರೆ ಒಮ್ಮೆ ಸೇದಿದ ಗಾಂಜಾ ಎರಡು ಮೂರು ದಿನಗಳಲ್ಲಿ ಮಾಯವಾಗಬಹುದು, ದಿನವೂ ಸೇದುವವನಲ್ಲಿ ಬಿಟ್ಟು ತಿಂಗಳಾದ ಮೇಲೂ ಕಾಣಿಸಬಹುದು. ಮೂಸುವ ದ್ರಾವಕಗಳು ಸಾಮಾನ್ಯ ಕಿಟ್ಟಿನಲ್ಲಿ ಸಿಗುವುದೇ ಇಲ್ಲ. ಕೆಲವು ಶೀತದ ಔಷಧಗಳು ಇಲ್ಲದ್ದನ್ನು ಇದೆ ಎಂದು ತೋರಿಸುತ್ತವೆ. ಪರೀಕ್ಷೆ ಬೇಕಾದರೆ ಮಗುವಿಗೆ ತಿಳಿಸಿ, ವೈದ್ಯರ ಮೂಲಕ.

ಈಗ ಜೀವಕ್ಕೆ ಸಂಬಂಧಿಸಿದ ಮಾತು. ಇದನ್ನು ಎರಡು ಸಲ ಓದಿ. ಎಬ್ಬಿಸಿದರೂ ಏಳದೆ, ಉಸಿರು ತೀರ ನಿಧಾನವಾಗಿ, ತುಟಿ ನೀಲಿಯಾಗಿದ್ದರೆ "ಮಲಗಿ ಇಳಿಯಲಿ" ಎಂದು ಬಿಡಬೇಡಿ. ಆಂಬುಲೆನ್ಸ್ ಕರೆಯಿರಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಪಕ್ಕದಲ್ಲೇ ಇರಿ. ಅಫೀಮು ವರ್ಗದ್ದೆಂಬ ಶಂಕೆಯಿದ್ದು, ಅದರ ಪರಿಣಾಮವನ್ನು ತಡೆಯುವ ನಲೋಕ್ಸೋನ್ ಎಂಬ ಔಷಧ ಕೈಗೆ ಸಿಗುವಂತಿದ್ದರೆ ಕೊಡಿ. ಏನು ತೆಗೆದುಕೊಂಡಿದ್ದಾನೆಂಬುದನ್ನು ಮಾನಕ್ಕೆ ಅಂಜಿ ವೈದ್ಯರಿಂದ ಮುಚ್ಚಿಡಬೇಡಿ. ದ್ರಾವಕ ಮೂಸುತ್ತಿರುವಾಗ ಕಂಡರೆ ಕೂಗಾಡಬೇಡಿ, ಬೆನ್ನಟ್ಟಬೇಡಿ; ಆ ಸ್ಥಿತಿಯಲ್ಲಿ ಬೆಚ್ಚಿಬಿದ್ದರೆ ಅಥವಾ ಓಡಿದರೆ, ಅದು ಮೊದಲ ಸಲದ ಬಳಕೆಯಾಗಿದ್ದರೂ, ಹೃದಯ ನಿಂತುಹೋಗಬಹುದು. ಕಿಟಕಿ ತೆರೆದು ಮೆಲ್ಲಗೆ ಮಾತನಾಡಿ. ದಿನವೂ ನಿದ್ರೆ ಮಾತ್ರೆ ಅಥವಾ ಮದ್ಯ ಬಳಸುತ್ತಿದ್ದವನನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋದರೆ ಸೆಳವು (ಫಿಟ್ಸ್) ಬರಬಹುದು. ಅಫೀಮು ವರ್ಗದ್ದನ್ನು ಕೆಲವು ವಾರ ಬಿಟ್ಟವನಿಗೆ ಹಳೆಯ ಪ್ರಮಾಣವೇ ಪ್ರಾಣಾಂತಕವಾದೀತು. ಸಾಯುವ ಮಾತು ಬಂದರೆ ಅದೇ ದಿನ ವೈದ್ಯರ ಬಳಿ ಹೋಗಿ, ನಾಳೆಗೆ ಇಡಬೇಡಿ.

ಇಷ್ಟು ದಿನದಲ್ಲಿ ಗುಣ ಖಚಿತ ಎನ್ನುವ, ತಂದೆತಾಯಿಯನ್ನು ಒಳಗೆ ಬಿಡದ ವ್ಯಸನಮುಕ್ತಿ ಕೇಂದ್ರಗಳಿಂದ ದೂರವಿರಿ. ಎಲ್ಲರಿಗೂ ದಾಖಲಾತಿ ಬೇಕಾಗುವುದೂ ಇಲ್ಲ.

ಮನೆಯ ನಿಯಮಗಳು ಎರಡು ಮೂರು ಸಾಕು, ಮುರಿದರೆ ಏನೆಂಬುದು ಮೊದಲೇ ಗೊತ್ತಿರಲಿ. ನಮ್ಮಲ್ಲಿ ಮನೆಯೊಳಗೆ ಏನೂ ಇರಬಾರದು. ಅಮಲಿನಲ್ಲಿ ವಾಹನ ಮುಟ್ಟಬಾರದು, ಮುಟ್ಟಿದರೆ ಒಂದು ತಿಂಗಳು ಕೀಲಿ ನನ್ನ ಬಳಿ. ಮೂರನೆಯದು ನನ್ನ ಮೇಲಿನ ನಿಯಮ: ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ನಾನು ಬಂದು ಕರೆದೊಯ್ಯುತ್ತೇನೆ, ಆ ರಾತ್ರಿ ಪ್ರಶ್ನೆ ಕೇಳುವುದಿಲ್ಲ. ಒಪ್ಪಲು ನನಗೆ ಎರಡು ದಿನ ಹಿಡಿಯಿತು. ಸಲಿಗೆ ಕೊಟ್ಟಂತಾಗುತ್ತದೆ ಎಂದು ವಾದಿಸಿದೆ. ತಪ್ಪು ಮಾಡಿದವನು ಮನೆಗೆ ಫೋನ್ ಮಾಡಲು ಹೆದರಿದರೆ ಮತ್ತೆ ಯಾರಿಗೆ ಮಾಡುತ್ತಾನೆ ಎಂದು ಸಮಾಲೋಚಕಿ ಕೇಳಿದರು.

ನಿದ್ದೆಗೆ ಚಿಕಿತ್ಸೆ ಶುರುವಾಗಿ ವರ್ಷವಾಯಿತು. ನಡುವೆ ಎರಡು ಸಲ ಮತ್ತೆ ಗಾಂಜಾಕ್ಕೆ ಜಾರಿದ. ಮೊದಲನೆಯದು ನಮಗೆ ಗೊತ್ತಾದದ್ದು ತಿಂಗಳ ನಂತರ, ವಾಸನೆಯಿಂದ. ಎರಡನೆಯ ಸಲ ರಾತ್ರಿ ಒಂದೂವರೆಗೆ ಅವನೇ ಕರೆ ಮಾಡಿದ. ಹೋದೆ. ದಾರಿಯುದ್ದಕ್ಕೂ ತುಟಿ ಕಚ್ಚಿಕೊಂಡೇ ಕಾರು ಓಡಿಸಿದೆ; ಮನೆ ತಲುಪಿದಾಗ "ನೀರು ಕುಡಿದು ಮಲಗು" ಎಂದೆ. ಮರುದಿನ ಹನ್ನೊಂದು ಗಂಟೆಗೆ ಎದ್ದು ಬಂದವನು, ವೈದ್ಯರ ಭೇಟಿಯನ್ನು ಈ ವಾರಕ್ಕೇ ಹಾಕಿಸಿಕೊಳ್ಳಬಹುದೇ ಎಂದು ಕೇಳಿದ. ಗುರುವಾರಕ್ಕೆ ಸಮಯ ಸಿಕ್ಕಿತು.